ಕಳೆ ಮೀನು ಎಂಬ ಕಾಲಂ

ನನಗೆ ಕೆಲಸದ ಆದೇಶ ಬಂದ ದಿನ ನಮ್ಮಪ್ಪ ಹಾರನಹಳ್ಳಿಯ ಟೀ ಅಂಗಡಿಯಲ್ಲಿ ಕೂತವರಿಗೆಲ್ಲ ಬಾಳೆಹಣ್ಣು ಹಂಚಿದರು. ಆದೇಶದಲ್ಲಿ ಹುದ್ದೆಯ ಹೆಸರು ‘ಕ್ಷೇತ್ರಪಾಲಕ’ ಎಂದಿತ್ತು. ನಮ್ಮದು ಲಿಂಗ ಕಟ್ಟುವ ಮನೆ. ಕ್ಷೇತ್ರಪಾಲಕ ಅಂದರೆ ಶಿವನ ಗುಡಿ ಕಾಯುವ ದೇವರು ಎಂದಷ್ಟೇ ಅಪ್ಪನಿಗೆ ಗೊತ್ತಿದ್ದದ್ದು. ಯಾವುದೋ ದೊಡ್ಡ ದೇವಸ್ಥಾನದಲ್ಲಿ ಮಗನಿಗೆ ಸರ್ಕಾರಿ ಕೆಲಸ ಸಿಕ್ಕಿತು ಎಂದುಕೊಂಡರು. ನಾನೂ ಬಾಯಿ ಬಿಡಲಿಲ್ಲ. ಕೆಲಸಕ್ಕೆ ಸೇರಿ ಮೊದಲ ಸಲ ಊರಿಗೆ ಬಂದಾಗ ನನ್ನ ಅಂಗಿಯೇ ಎಲ್ಲವನ್ನೂ ಹೇಳಿಬಿಟ್ಟಿತು.

“ಅದೇನ್ಲಾ ನಾತ?” ಎಂದರು ಅವ್ವ, ಬಾಗಿಲಲ್ಲೇ ತಡೆದು.

“ಮೀನು ಕಣವ್ವ. ಮೀನಿನ ಇಲಾಖೆ.”

ಅವ್ವ ಹಿತ್ತಿಲ ಕಡೆ ಕೈ ತೋರಿಸಿದರು. “ಅಂಗಾರೆ ಇತ್ಲಿಗೋಗಿ ಅಂಗಿ ಬುಚ್ಚಾಕಿ, ನೀರುಯ್ಕೊಂಡು ಒಳೀಕೆ ಬಾ,” ಎಂದರು. ನಿವೃತ್ತಿಯಾಗುವವರೆಗೂ ನಮ್ಮ ಮನೆಯಲ್ಲಿ ಅದೇ ಕಾಯಿದೆ ನಡೆಯಿತು. ಮೂರು ದಶಕ ಮೀನಿನ ನಡುವೆ ಬದುಕಿಯೂ ನಾನು ಒಂದು ತುಂಡು ಮೀನು ಬಾಯಿಗಿಟ್ಟವನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನಾನು ಮಾಡಿದ ದೊಡ್ಡ ತಪ್ಪಿಗೂ ಇದಕ್ಕೂ ಸಂಬಂಧವಿದೆ.

ಹೊಸದಾಗಿ ಕೆಲಸಕ್ಕೆ ಸೇರುವವರು ಸಿಕ್ಕಾಗ, “ಸಾರ್, ಫೀಲ್ಡ್ ಹೇಗಿರುತ್ತೆ?” ಎಂದು ಕೇಳುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕು ದಾಟಿ ನಾನು ಕೆಲಸ ಮಾಡಿದವನಲ್ಲ. ಬಡ್ತಿ, ವರ್ಗಾವಣೆಗಳ ಕಥೆ ಹೇಳಲು ಹೊರಟರೆ ನನಗೇ ಆಕಳಿಕೆ ಬರುತ್ತದೆ. ಅದರ ಬದಲು ಎಡವಿದ್ದನ್ನು ಹೇಳುತ್ತೇನೆ. ನಿಮಗೆ ಉಪಯೋಗಕ್ಕೆ ಬಂದರೆ ಅದೇ ಬರಬೇಕು.

ಮೊದಲನೆಯದು ಸಣ್ಣದು. ಕೆ.ಆರ್. ನಗರದ ಹತ್ತಿರದ ಒಂದು ಕೆರೆಗೆ ಕಟ್ಲಾ, ರೋಹು ಮರಿಗಳನ್ನು ಬಿಡಬೇಕಿತ್ತು. ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಅರ್ಧ ನೀರು, ಅರ್ಧ ಆಮ್ಲಜನಕ ತುಂಬಿ ತರುತ್ತೇವಲ್ಲ, ಆ ಚೀಲವನ್ನು ಬಾಯಿ ಬಿಚ್ಚದೆ ಸ್ವಲ್ಪ ಹೊತ್ತು ಕೆರೆಯಲ್ಲೇ ತೇಲಿಬಿಡಬೇಕು. ಒಳಗಿನ ನೀರು ಹೊರಗಿನ ನೀರಿನಷ್ಟೇ ಬಿಸಿಯಾದ ಮೇಲೆ ಬಿಚ್ಚಬೇಕು. ತರಬೇತಿಯಲ್ಲಿ ಇದನ್ನು ನಾಲ್ಕು ಸಲ ಹೇಳಿದ್ದರು. ಅವತ್ತು ಊಟದ ಹೊತ್ತಾಗಿತ್ತು, ನನಗೆ ಹಸಿವು. ಸೀದಾ ಸುರಿದುಬಿಟ್ಟೆ. ಮರಿಗಳೆಲ್ಲ ಹೊಟ್ಟೆ ಮೇಲೆ ಮಾಡಿಕೊಂಡು ಬೆಳ್ಳಗೆ ತೇಲಿದವು. ದಡದಲ್ಲಿ ನಿಂತಿದ್ದ ಮೀನುಗಾರರ ಸಂಘದ ಹಿರಿಯರೊಬ್ಬರು ಬೀಡಿ ಸೇದುತ್ತಾ, “ಮೀನ್ ಸ್ವಾಮೇರು ಮರಿಗಳಿಗೆ ಮುಕ್ತಿ ಕೊಟ್ಬುಟ್ರು ಕಣ್ರಪ್ಪ,” ಎಂದರು. ಆ ಹೆಸರು ನನಗೆ ಅಂಟಿಕೊಂಡಿತು. ನಾಲ್ಕೂ ತಾಲ್ಲೂಕಿನಲ್ಲಿ ನಾನು ಮೀನ್ ಸ್ವಾಮಿಯೇ ಆದೆ.

ಈಗ ದೊಡ್ಡದಕ್ಕೆ ಬರುತ್ತೇನೆ.

ನಮ್ಮ ಕೆಲಸದಲ್ಲಿ ಒಂದು ಮಾತಿದೆ: ಕಳೆ ಮೀನು. ನಾವು ಬಿಡುವ ಕಟ್ಲಾ, ರೋಹು, ಗೆಂಡೆಗಳು ಬೆಳೆ. ಕೆರೆಯಲ್ಲಿ ತಾವಾಗಿಯೇ ಇರುವ ಪಕ್ಕೆ, ಚೇಳುಮೀನು, ಕುಚ್ಚು ಇವೆಲ್ಲ ಕಳೆ. ರಾಗಿ ಹೊಲದಲ್ಲಿ ಹುಲ್ಲು ಕಿತ್ತು ಹಾಕುವ ಹಾಗೆ ಮರಿ ಬಿಡುವ ಮೊದಲು ಇವನ್ನು ತೆಗೆದುಹಾಕಬೇಕು. ಅದರಲ್ಲೂ ಕುಚ್ಚು ಮೀನು ನಮ್ಮ ಮರಿಗಳನ್ನೇ ತಿನ್ನುವ ಖದೀಮ. ನಮೂನೆಯಲ್ಲಿ ಅದಕ್ಕೊಂದು ಕಾಲಂ ಅಚ್ಚಾಗಿತ್ತು. ‘ಕಳೆ ಮೀನು ನಿರ್ಮೂಲನ ಮಾಡಲಾಗಿದೆಯೇ?’ ಎಂದು ಅದು ಕೇಳುತ್ತಿತ್ತು. ಹೌದು ಎಂದು ಬರೆದು ರುಜು ಹಾಕಿದರೆ ಮಾತ್ರ ಮರಿ ಮಂಜೂರಾಗುತ್ತಿತ್ತು.

ಆಗ ನನ್ನ ಮೇಲಧಿಕಾರಿಯಾಗಿದ್ದವರು ವರದರಾಜ್. ಒಳ್ಳೆಯವರು, ಶಿಸ್ತಿನವರು. ಪುಸ್ತಕದಲ್ಲಿ ಇದ್ದದ್ದು ಕೆರೆಯಲ್ಲಿ ಇಲ್ಲದಿದ್ದರೆ ಕೆರೆಯದೇ ತಪ್ಪು ಎನ್ನುವಂಥವರು. ಕಂಪಲಾಪುರದಿಂದ ಕಾಡಿನ ಕಡೆಗೆ ಹೋದರೆ ಒಂದು ಜೇನುಕುರುಬರ ಹಾಡಿ ಸಿಗುತ್ತದೆ. ಕಾಡಿನೊಳಗೆ ಇದ್ದವರನ್ನು ಈಚೆಗೆ ತಂದು ಕೂರಿಸಿದ ಮನೆಗಳು. ಪಕ್ಕದಲ್ಲಿ ಅವರಿಗೆಂದೇ ತೋಡಿಸಿದ ಸಣ್ಣ ಕೆರೆ. ಹಾಡಿಯವರಿಗೆ ಪೌಷ್ಟಿಕ ಆಹಾರ ಸಿಗಲಿ ಎಂದು ಆ ಕೆರೆಗೆ ಕಟ್ಲಾ ಬಿಡುವ ಯೋಜನೆ ಬಂತು. ವರದರಾಜ್ ನನ್ನನ್ನು ಕರೆದು, “ಆ ಕೆರೆ ತುಂಬಾ ಕಳೆ ಮೀನು ಇದೆ, ಕ್ಲೀನ್ ಮಾಡಿ ವರದಿ ಕೊಡಿ,” ಎಂದರು.

ನಾನು ಬೇಸಿಗೆಯಲ್ಲಿ ನೀರು ಇಳಿದಾಗ ಬ್ಲೀಚಿಂಗ್ ಪುಡಿ ಕಲಸಿ ಹಾಕಿಸಿದೆ. ಬೆಳಗ್ಗೆ ಹಾಕಿದ್ದು, ಮಧ್ಯಾಹ್ನದ ಹೊತ್ತಿಗೆ ಮೀನು ಏಳತೊಡಗಿತು. ಬೆರಳುದ್ದದ ಪಕ್ಕೆ, ಕಪ್ಪನೆಯ ಚೇಳುಮೀನು, ಮೊಳದುದ್ದದ ಕುಚ್ಚು, ದಡಕ್ಕೆ ಹತ್ತಲು ನೋಡಿ ಅಲ್ಲೇ ಬಿದ್ದ ನಳ್ಳಿ ಎನ್ನುವ ಏಡಿಗಳು. ಅಷ್ಟು ಚಿಕ್ಕ ಕೆರೆಯಲ್ಲಿ ಅಷ್ಟೊಂದು ಜೀವ ಇತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಹಾಡಿಯ ಹೆಂಗಸರು ಪಾತ್ರೆ, ಮಂಕರಿ ಹಿಡಿದು ಬಂದು ದಡದಲ್ಲಿ ನಿಂತರು. ಅವರಲ್ಲಿ ಮುಂದೆ ಇದ್ದವರು ಬೊಮ್ಮಮ್ಮ, ಆಗಲೇ ಅರ್ಧ ತಲೆ ನರೆತಿದ್ದವರು.

“ಸತ್ತಿರೋವ್ನಾದ್ರೂ ಕೊಡಿ ಸ್ವಾಮಿ,” ಎಂದರು.

“ಔಷಧಿ ಹಾಕಿದ ಮೀನಮ್ಮ, ತಿನ್ನಬಾರದು. ಹೊಸ ಮೀನು ಬಿಡ್ತೀವಲ್ಲ, ದೊಡ್ಡ ಮೀನು,” ಎಂದೆ.

ಗುಂಡಿ ತೋಡಿಸಿ ಎಲ್ಲವನ್ನೂ ಹೂಳಿಸಿದೆ. ಬೊಮ್ಮಮ್ಮ ಕೊನೆಯ ಗುದ್ದಲಿ ಮಣ್ಣು ಬೀಳುವವರೆಗೆ ನಿಂತು ನೋಡಿದರು. ಆಮೇಲೆ ಖಾಲಿ ಮಂಕರಿ ತಲೆ ಮೇಲೆ ಇಟ್ಟುಕೊಂಡು ಹೋದರು. ನಾನು ನಮೂನೆಯಲ್ಲಿ ಹೌದು ಎಂದು ಬರೆದು, ಅಂದವಾಗಿ ರುಜು ಹಾಕಿದೆ. ಮೀನು ತಿಂದು ಗೊತ್ತಿದ್ದವನಾಗಿದ್ದರೆ ಅಷ್ಟು ಸಲೀಸಾಗಿ ಹಾಕುತ್ತಿರಲಿಲ್ಲವೇನೋ.

ಮೊದಲ ವರ್ಷ ನಾವು ಗೆದ್ದೆವು. ಮಳೆ ಚೆನ್ನಾಗಿ ಹಿಡಿಯಿತು, ಕಟ್ಲಾ ತೊಡೆ ಗಾತ್ರ ಬಂತು, ವರದರಾಜ್ ಬಂದು ಮೀನು ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡರು. ಆಮೇಲೆ ಮಳೆ ನಮ್ಮ ಪುಸ್ತಕ ಓದುವುದನ್ನು ನಿಲ್ಲಿಸಿತು. ರೋಹಿಣಿ, ಮೃಗಶಿರದಲ್ಲಿ ಬರಬೇಕಾದ್ದು ಭರಣಿಯಲ್ಲೇ ಧೋ ಎಂದು ಸುರಿದು, ಆಮೇಲೆ ಆರಿದ್ರಾವರೆಗೂ ಪತ್ತೆ ಇರುತ್ತಿರಲಿಲ್ಲ. ನಾವು ಮರಿ ಬಿಡುವುದು ಶ್ರಾವಣದಲ್ಲಿ. ಕೆರೆ ಸಂಕ್ರಾಂತಿ ಕಳೆಯುವಷ್ಟರಲ್ಲಿ ಬತ್ತಿಹೋಗುತ್ತಿತ್ತು. ಅಂಗೈಯಗಲ ಬೆಳೆದ ಕಟ್ಲಾಗಳು ಬಿಸಿ ನೀರಿನಲ್ಲಿ ಬಾಯಿ ಬಾಯಿ ಬಿಟ್ಟು ಸಾಯುತ್ತಿದ್ದವು. ಮತ್ತೆ ಮರು ವರ್ಷ ಮರಿ, ಮತ್ತೆ ಅದೇ ಸಾವು. ನನ್ನ ನಮೂನೆ ಮಾತ್ರ ಪ್ರತಿ ವರ್ಷವೂ ಸರಿಯಾಗಿರುತ್ತಿತ್ತು.

ಹಾಡಿಯವರು ಸಂತೆ ದಿನ ಹೆಗ್ಗಡದೇವನಕೋಟೆಗೆ ಹೋಗಿ ಕಡಲ ಕಡೆಯಿಂದ ಬರುವ ಒಣಮೀನು ತರುತ್ತಿದ್ದರು. ಒಂದು ದಿನ ಒಣಮೀನಿನ ಅಂಗಡಿಯ ಮುಂದೆ ಬೊಮ್ಮಮ್ಮ ಸಿಕ್ಕರು. ಅಂಗಡಿಯಾತ ಕೇರಳದವನು. ರಾಶಿ ಸಣ್ಣದಾಗಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ, “ಕಡಲಲ್ಲೂ ಮೊದಲಿನ ಹಾಗೆ ಇಲ್ಲ ಸಾರೇ. ನೀರು ಬಿಸಿ ಆಯ್ತು ಅಂತಾರೆ. ಮತ್ತಿ ಮೀನು ಒಂದು ವರ್ಷ ಬರ್ತದೆ, ಒಂದು ವರ್ಷ ಇಲ್ಲ,” ಎಂದ.

ಬೊಮ್ಮಮ್ಮ ಅದನ್ನು ಕೇಳಿ ನನ್ನ ಕಡೆ ತಿರುಗಿದರು. “ಅಲ್ಲೂ ನಿಮ್ಮೋರೇ ಓಗಿ ಪುಡಿ ಆಕುದ್ರಾ ಸ್ವಾಮಿ?”

ಅಂಗಡಿಯಾತನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಬಸ್ ಸ್ಟ್ಯಾಂಡಿನವರೆಗೆ ಅವರ ಜೊತೆಯೇ ನಡೆದೆ. ಆವತ್ತೇ ಮೊದಲ ಸಲ ನಾನು ಅವರನ್ನು ಒಂದು ಪ್ರಶ್ನೆ ಕೇಳಿದ್ದು. ಅದಕ್ಕೆ ಮೊದಲು ಹಾಡಿಗೆ ಹೋದಾಗಲೆಲ್ಲ ನಾನು ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು.

“ಆ ಕಳೆ ಮೀನನ್ನ ನೀವು ಏನು ಮಾಡ್ತಿದ್ರಿ?” ಎಂದೆ.

“ಕಳೆ ಅಂತ ಯಾರು ಎಸ್ರಿಕ್ಕಿದ್ದು?”

“ಪುಸ್ತಕದಲ್ಲಿದೆ.”

“ಬರ್ದೋರು ಮೀನ್ ತಿಂತಿದ್ರಾ?”

“ಗೊತ್ತಿಲ್ಲ.”

“ನೀವು?”

“ಇಲ್ಲ.”

“ಅದ್ಕೇ ಮತ್ತೆ,” ಎಂದು ನಕ್ಕರು. ಆಮೇಲೆ ಬಸ್ಸು ಬರುವವರೆಗೆ ಹೇಳಿದರು. ಪಕ್ಕೆಯನ್ನು ಮುಳ್ಳಿನ ಸಮೇತ ಹುರಿದು ಮಕ್ಕಳಿಗೆ ಕೊಡುವುದು. ನಳ್ಳಿ ಜಜ್ಜಿ ಸಾರು ಮಾಡಿದರೆ ನೆಗಡಿ, ಕೆಮ್ಮಿಗೆ ಆಗುತ್ತದೆ. ಕುಚ್ಚು ಬಾಣಂತಿಗೆ, ಜ್ವರದಲ್ಲಿ ಎದ್ದವರಿಗೆ. “ನಿಮ್ ಕಟ್ಲ ನೀರಿದ್ರೆ ಬದುಕ್ತದೆ, ನೀರ್ ಓದ್ರೆ ಸಾಯ್ತದೆ. ಕುಚ್ಚು, ಚೇಳು ಅಂಗಲ್ಲ. ನೀರೋದ್ರೆ ಕೆಸ್ರೊಳಿಕೆ ಓಗಿ ಮನೀಕತ್ತವೆ. ಮಳೆ ಯಾವತ್ತಾರಾ ಬರ್ಲಿ, ಅವುಕ್ಕೇನು? ಬಂದಾಗ ಏಳ್ತವೆ,” ಎಂದರು.

ನಾನು ಆ ದಿನ ಕಚೇರಿಗೆ ಹೋಗಿ ವರದರಾಜ್ ಮುಂದೆ ನಿಂತು, ಆ ಕೆರೆಗೆ ಮತ್ತೆ ಕುಚ್ಚು, ಚೇಳುಮೀನು ಬಿಡಬೇಕು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನಾವೇ ಕಿತ್ತ ಕಳೆಯನ್ನು ನಾವೇ ನೆಡೋದಾ? ಯಾವ ಯೋಜನೆಯಲ್ಲಿ?” ಎಂದರು. ಯಾವ ಯೋಜನೆಯೂ ಇರಲಿಲ್ಲ. ಮರಿ ಕೇಂದ್ರದಲ್ಲಿ ಅವುಗಳ ಮರಿಯೂ ಇರಲಿಲ್ಲ. ಮುಂದಿನ ಸಲದ ನಮೂನೆಯಲ್ಲಿ ನಾನು ಆ ಕಾಲಂ ಖಾಲಿ ಬಿಟ್ಟು, ಪಕ್ಕದಲ್ಲಿ ‘ಸ್ಥಳೀಯ ಆಹಾರ ಮೀನು’ ಎಂದು ಬರೆದೆ. ನೋಟಿಸ್ ಬಂತು. ಉತ್ತರ ಕೊಟ್ಟೆ. ಇನ್ನೊಂದು ಬಂತು. ಅದಕ್ಕೂ ಕೊಟ್ಟೆ. ಕೊನೆಗೆ ವರದರಾಜ್, “ರೀ, ರಜೆ ಹಾಕಿ ಏನು ಬೇಕಾದರೂ ಮಾಡಿಕೊಳ್ಳಿ, ನನ್ನ ಕಣ್ಣಿಗೆ ಬೀಳಬೇಡಿ,” ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಅನುಮತಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕೆ.ಆರ್. ನಗರದ ಕಡೆ ನಾಲೆ ನೀರಿನ ಗದ್ದೆಗಳಲ್ಲಿ ಕುಚ್ಚು, ಚೇಳುಮೀನು ಇನ್ನೂ ಇದ್ದವು. ಪರಿಚಯದ ಮೀನುಗಾರರು ಜೀವಂತ ಹಿಡಿದಿಡುತ್ತೇವೆ ಎಂದು ಒಪ್ಪಿದರು. ನಾನು ರಜೆ ಹಾಕಿ, ಬೊಮ್ಮಮ್ಮನನ್ನೂ ಅವರ ಮಗ ಕಾಳನನ್ನೂ ಕರೆದುಕೊಂಡು ಹೋದೆ. ನನ್ನ ಬಳಿ ಆಮ್ಲಜನಕ ತುಂಬಿದ ದಪ್ಪ ಪ್ಲಾಸ್ಟಿಕ್ ಚೀಲ. ಬೊಮ್ಮಮ್ಮನ ಬಳಿ ಬಾಯಿ ಅಗಲದ ಎರಡು ಮಣ್ಣಿನ ಗಡಿಗೆ. ಅವರು ಗದ್ದೆಯ ಕೆಸರನ್ನೇ ಗಡಿಗೆಗೆ ತುಂಬಿ, ಮೀನು ಇಳಿಸಿ, ಮೇಲೆ ಒದ್ದೆ ಹುಲ್ಲು ಮುಚ್ಚಿದರು. ನೀರು ಒಂದು ಬೊಗಸೆಯೂ ಇರಲಿಲ್ಲ.

“ಹುಣಸೂರು ದಾಟೋದ್ರೊಳಗೆ ಸಾಯ್ತವೆ,” ಎಂದೆ.

“ನೋಡುವ,” ಎಂದರು.

ಬಸ್ಸು ಹುಣಸೂರು ಮುಟ್ಟುವ ಮೊದಲೇ ನನ್ನ ಚೀಲದಲ್ಲಿದ್ದ ಚೇಳುಮೀನೊಂದು ಮುಳ್ಳಿನಿಂದ ಪ್ಲಾಸ್ಟಿಕ್ ಚುಚ್ಚಿತು. ಚೀಲ ಟುಸ್ಸೆಂದಿತು. ಕೆಸರು ನೀರು ಸೀಟಿನ ಕೆಳಗಿಂದ ಹೊಳೆಯಾಗಿ ಹರಿದು ಮುಂದೆ ಕೂತಿದ್ದವರ ಚಪ್ಪಲಿ ನೆನೆಸಿತು. ಮೀನುಗಳು ಬಸ್ಸಿನ ನಡುದಾರಿಯಲ್ಲಿ ಹರಿದಾಡಿದವು. ಹೆಂಗಸೊಬ್ಬರು ಹಾವು ಹಾವು ಎಂದು ಕಿರುಚಿ ಸೀಟಿನ ಮೇಲೆ ಹತ್ತಿ ನಿಂತರು.

“ಯಾರ್ರೀ ಇದ್ನ ತಂದೋರು?” ಎಂದು ಕಂಡಕ್ಟರ್ ಕೂಗಿದ.

ನಾನು ಎದ್ದು ನಿಂತೆ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹರಿದ ಚೀಲ.

“ಸ್ವಾಮೇರೆ, ನೀವಾ?” ಎಂದ ಕಂಡಕ್ಟರ್. ಬಸ್ಸಿಗೆ ಬಸ್ಸೇ ನಕ್ಕಿತು. ಕಾಳ ಮಾತ್ರ ನಗದೆ ಬಗ್ಗಿ ಒಂದೊಂದೇ ಮೀನನ್ನು ಕತ್ತಿನ ಹಿಂದೆ ಒತ್ತಿ ಹಿಡಿದು ತಾಯಿಯ ಗಡಿಗೆಗೆ ಹಾಕಿದ. ಒಂದರಿಂದಲೂ ಚುಚ್ಚಿಸಿಕೊಳ್ಳಲಿಲ್ಲ. ನನಗೆ ಎರಡು ಚುಚ್ಚಿದ್ದವು, ಕೈ ಮೊಣಕೈವರೆಗೆ ಉರಿಯುತ್ತಿತ್ತು.

ಗದ್ದಲ ತಣ್ಣಗಾದ ಮೇಲೆ ಬೊಮ್ಮಮ್ಮನನ್ನು ಕೇಳಿದೆ. “ಕೆಸರಲ್ಲಿ ಸಾಗಿಸೋದು ನಿಮಗೆ ಹೇಗೆ ಗೊತ್ತು?”

ಅವರು ಕಿಟಕಿಯಾಚೆ ನೋಡುತ್ತಿದ್ದರು. “ಆ ಕೆರೆಗೆ ಮೀನು ಎಂಗ್ ಬಂತು ಅಂದ್ಕೊಂಡಿದ್ರಿ ಸ್ವಾಮಿ?”

“ಮಳೆ ನೀರಿನ ಜೊತೆ ಬಂದಿರ್ತವೆ.”

“ಆ ಕೆರೆಗೆ ಅಳ್ಳ ಇಲ್ಲ, ತೊರೆ ಇಲ್ಲ. ಒಣ ನೆಲ ತೋಡಿ ಬುಟ್ಟಿದ್ರು. ನಮ್ಮುನ್ನ ಒಳಗಿಂದ ಲಾರೀಲಿ ತಂದು ಈಚೆ ಇಳ್ಸುದ್ರಲ್ಲ, ಅವತ್ತು ನಮ್ಮವ್ವ ತೊರೆ ಕೆಸ್ರು ಮೀನು ಗಡಿಗೇಲಿ ಇಟ್ಕಂಡು ಬಂದ್ಲು. ದೇವ್ರ ಕಲ್ಲು ತರಾಕ್ ಬುಡ್ನಿಲ್ಲ. ಗಡಿಗೇಲಿ ಏನದೆ ಅಂತ ಯಾರೂ ಕೇಳ್ನಿಲ್ಲ.”

ನಾನು ಪುಡಿ ಹಾಕಿ ಕೊಂದು ಹೂಳಿಸಿದ್ದು ಅವರು ಕಾಡಿನಿಂದ ತಂದಿದ್ದ ಒಂದೇ ಒಂದು ಜೀವ. ಕಳೆ ಎಂದು ರುಜು ಹಾಕಿದ್ದೆ. ಈಗ ಕಾಡಿನ ತೊರೆಗೆ ಹೋಗಿ ಮತ್ತೆ ತರುವ ಹಾಗೂ ಇಲ್ಲ, ಅರಣ್ಯ ಇಲಾಖೆಯವರು ಒಳಗೆ ಬಿಡುವುದಿಲ್ಲ. ಯಾಕೆ ಆವತ್ತೇ ಹೇಳಲಿಲ್ಲ ಎಂದು ಕೇಳಬೇಕು ಅನ್ನಿಸಿತು. ಆದರೆ ಉತ್ತರ ನನಗೇ ಗೊತ್ತಿತ್ತು: ಆವತ್ತು ನಾನು ಕೇಳಿರಲಿಲ್ಲ. ಆ ದಿನ ಬಸ್ಸಿನಲ್ಲಿ ನನಗಾದಷ್ಟು ನಾಚಿಕೆ ಇನ್ಯಾವತ್ತೂ ಆಗಿಲ್ಲ. ಗಡಿಗೆಯ ಮೀನು ಒಂದೂ ಸಾಯದೆ ಹಾಡಿ ಸೇರಿದವು.

ಅಲ್ಲಿಂದ ಮುಂದೆ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಹೂಳೆತ್ತುವ ಯೋಜನೆ ಬಂದಾಗ ಜೆಸಿಬಿಯವನು ಕೆರೆಯ ತಳವನ್ನು ತಟ್ಟೆಯಂತೆ ಸಮ ಮಾಡಲು ಹೊರಟ. ನಕ್ಷೆ ಹಾಗೇ ಇತ್ತು. ಬೊಮ್ಮಮ್ಮ ಕೆರೆಯ ಮೂಲೆಯಲ್ಲಿ ಒಂದು ಕಡೆ ಕೋಲು ನೆಟ್ಟು, ಇಷ್ಟು ಜಾಗದ ಕೆಸರು ಹೊರಗೆ ಸಾಗಿಸಬಾರದು, ಇದನ್ನು ಇನ್ನೂ ಒಂದಾಳು ಆಳ ಮಾಡಿ ಕೆಸರು ವಾಪಸ್ ತುಂಬಬೇಕು ಎಂದರು. ಉರಿಬಿಸಿಲಿನಲ್ಲಿ ಮೀನು ಮಲಗುವ ಗುಂಡಿ. ಜೆಸಿಬಿಯವನು ನನ್ನ ಮುಖ ನೋಡಿದ. “ಅಮ್ಮ ಹೇಳಿದ ಹಾಗೆ ಮಾಡಪ್ಪ,” ಎಂದೆ. ಎಂಜಿನಿಯರ್‌ಗೆ ಏನು ಹೇಳಿದೆ ಎಂಬುದು ಇಲ್ಲಿ ಬೇಡ. ಹಾಡಿಯವರು ತಾವೇ ಒಂದು ಕಟ್ಟಳೆ ಮಾಡಿಕೊಂಡರು. ಕೆರೆಯಲ್ಲಿ ಎಲ್ಲಿ ಬೇಕಾದರೂ ಹಿಡಿಯಬಹುದು, ಗುಂಡಿಗೆ ಮಾತ್ರ ಯಾರೂ ಕೈ ಹಾಕುವಂತಿಲ್ಲ. ನಾನು ನಿವೃತ್ತನಾಗುವ ಹೊತ್ತಿಗೆ ಚೇಳುಮೀನು, ಆಮೇಲೆ ಅವರೇ ತಂದು ಬಿಟ್ಟ ಪಕ್ಕೆ, ನಳ್ಳಿ ಚೆನ್ನಾಗಿ ಕೂಡಿಕೊಂಡಿದ್ದವು. ಕುಚ್ಚು ಮಾತ್ರ ಇದ್ದೂ ಮರಿ ಮಾಡಿರಲಿಲ್ಲ. ಮರಿ ಕಾಣದೆ ಕೆರೆ ಮೀನಿನದಾಯಿತು ಎನ್ನುವ ಹಾಗಿಲ್ಲ ಎನ್ನುತ್ತಿದ್ದರು ಬೊಮ್ಮಮ್ಮ.

ನಿವೃತ್ತಿಯ ನಂತರ ಒಂದು ಬೇಸಿಗೆ ನನ್ನ ಜಾಗಕ್ಕೆ ಬಂದಿದ್ದ ಸುಮಾ ಫೋನ್ ಮಾಡಿದರು. ಚುರುಕಿನ ಹುಡುಗಿ, ಹೊಸ ಕೆಲಸ. “ಸಾರ್, ಆ ಹಾಡಿ ಕೆರೆ ಪೂರ್ತಿ ಒಣಗಿದೆ. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳೋ ಮೀನು ಸಾಕಣೆ ಅಂತ ಹೊಸ ಯೋಜನೆ ಬಂದಿದೆ. ಮೊದಲ ಹೆಜ್ಜೆ ಏನು ಗೊತ್ತಾ? ಕಳೆ ಮೀನು ನಿರ್ಮೂಲನ. ಕಾಗದ ಹಿಡ್ಕೊಂಡು ಹೋದ್ರೆ ಅಜ್ಜಿ ಗುಂಡಿ ಪಕ್ಕ ಕೂತವರು ಏಳ್ತಿಲ್ಲ. ನೀವೊಂದ್ಸಲ ಬರ್ತೀರಾ?”

ಹೋದೆ. ಕೆರೆ ಬಿರುಕು ಬಿಟ್ಟಿತ್ತು. ಮುಂಗಾರು ಒಂದು ತಿಂಗಳು ತಡವಾಗಿತ್ತು. ಗುಂಡಿಯಲ್ಲಿ ಮೇಲೆ ಹೆಪ್ಪುಗಟ್ಟಿದ ಮಣ್ಣು, ಅದರ ಮೇಲೆ ಬೊಮ್ಮಮ್ಮ ಹೊದಿಸಿದ್ದ ಸೊಪ್ಪು. ಪಕ್ಕದಲ್ಲಿ ಅವರು, ಎದುರಿಗೆ ಗುದ್ದಲಿ ಹಿಡಿದ ಕಾಳ. ಜಗಳ ಸುಮಾ ಅವರ ಕಾಗದದ್ದಾಗಿರಲಿಲ್ಲ. ಕಾಳನ ಹೆಂಡತಿ ಹೆತ್ತು ಹತ್ತು ದಿನವಾಗಿತ್ತು.

“ಬಾಣಂತಿಗೆ ಒಂದೇ ಒಂದ್ ಕುಚ್ಚು ಸ್ವಾಮಿ,” ಎಂದ ಕಾಳ ನನ್ನನ್ನು ಕಂಡದ್ದೇ. “ಕೆಳಗದೆ. ಅಗುದ್ರೆ ಸಿಕ್ತದೆ. ಮೊಮ್ಮಗ ಕಣವ್ವ ಅಂದ್ರೂ ಬುಡ್ತಿಲ್ಲ ಇವ್ಳು.”

“ಒಂದ್ ಕಡೆ ಅಗುದ್ರೆ ಬಿಸ್ಲು ಒಳೀಕೆ ಇಳೀತದೆ. ಒಂದುನ್ನ ತಿಂದು ಎಲ್ಲಾನೂ ಸಾಯ್ಸ್ತೀಯ,” ಎಂದರು ಬೊಮ್ಮಮ್ಮ. “ಬಾಣಂತಿಗೆ ಕೋಟೆ ಸಂತೆ ಒಣಮೀನು ತಂದಿವ್ನಿ. ಸಾಕು.”

“ಕೆಳಗೆ ಎಲ್ಲಾ ಸತ್ತೇ ಓಗಿದ್ರೆ?”

“ಸತ್ತೋಗಿದ್ರೆ ಅಗುದೂ ಪ್ರಯೋಜ್ನ ಇಲ್ಲ ಕಣ್ಲಾ.”

ಇಬ್ಬರೂ ನನ್ನ ಕಡೆ ನೋಡಿದರು. ಮೂರು ದಶಕದ ಅನುಭವದವನು ಏನಾದರೂ ಹೇಳಬೇಕಿತ್ತು. ನನಗೆ ನಿಜವಾಗಿ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಹೇಳಿದೆ. ಕಾಳ ಗುದ್ದಲಿ ಎಸೆದು ಹೋದ. ಸುಮಾ ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಮಳೆ ಬರುವವರೆಗೆ ಕಾಯಲು ಅವಕಾಶ ಕೇಳಿ ಬರೆಯುತ್ತೇನೆ ಎಂದರು. ನಾನು ಆ ವಯಸ್ಸಿನಲ್ಲಿ ಅಷ್ಟು ಧೈರ್ಯ ಮಾಡಿರಲಿಲ್ಲ.

ಮಳೆ ಬಂತು, ಒಂದೇ ದಿನ, ಮೋಡ ಒಡೆದ ಹಾಗೆ. ಕೆರೆ ಅರ್ಧ ತುಂಬಿತು. ಆಮೇಲೆ ಮತ್ತೆ ಬಿಸಿಲು. ಗುಂಡಿಯ ಮೇಲೆ ಗುಳ್ಳೆ ಎದ್ದಿವೆ ಎಂದು ಸುಮಾ ತಿಳಿಸಿದರು. ಮೀನು ಬದುಕಿವೆ ಎಂದು ಗೊತ್ತಾಯಿತು. ಆದರೆ ಒಂದು ದಿನದ ಮಳೆಗೆ ಮರಿ ಮಾಡುತ್ತವೆಯೇ? ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಹದಿನೈದು ದಿನ ಬಿಟ್ಟು ಬೆಳಗಿನ ಬಸ್ಸು ಹಿಡಿದೆ.

ನಾಲ್ಕು ಜನ ದಡ ಸುತ್ತಿದೆವು. ಕಾಳ ಮುಂದೆ, ಸುಮಾ ಮತ್ತು ನಾನು ಹಿಂದೆ, ಎಲ್ಲರಿಗಿಂತ ಹಿಂದೆ ಕೋಲೂರಿಕೊಂಡು ಬೊಮ್ಮಮ್ಮ. ಒಂದು ಸುತ್ತು ಆಯಿತು, ಏನೂ ಕಾಣಲಿಲ್ಲ. ಎರಡನೇ ಸುತ್ತಿನಲ್ಲಿ ಜೊಂಡಿನ ಹತ್ತಿರ ಕಾಳ ನಿಂತುಬಿಟ್ಟ.

“ಅವ್ವಾ, ಕೆಂಪು! ಕೆಂಪು ಕಣವ್ವಾ!”

ನೀರಿನ ಮೇಲ್ಭಾಗದಲ್ಲಿ ಅಂಗೈಯಷ್ಟಗಲ ಕೆಂಪಗೆ ಏನೋ ಕದಲುತ್ತಿತ್ತು. ಕುಚ್ಚು ಮರಿಗಳು ಹುಟ್ಟಿದ ಹೊಸತರಲ್ಲಿ ಕೆಂಪಗಿರುತ್ತವೆ, ಎಲ್ಲವೂ ಒಂದೇ ಮುದ್ದೆಯಾಗಿ ಈಜುತ್ತವೆ. ಅದರ ಅಡಿಯಲ್ಲಿ ಕಪ್ಪಗೆ ಎರಡು ದೊಡ್ಡ ಮೀನು, ಗಂಡು ಹೆಣ್ಣು, ಕಾವಲಿಗೆ.

“ನೋಡಿ ಬೊಮ್ಮಮ್ಮ, ನಿಮ್ಮ ಮೀನು ವಾಪಸ್ ಬಂತು,” ಎಂದೆ.

ಅವರು ಮೆಲ್ಲಗೆ ದಡದಲ್ಲಿ ಕೂತರು. ನನ್ನ ಕಡೆ ನೋಡಲಿಲ್ಲ. “ನಮ್ ಮೀನಲ್ಲ ಕಣ ಸ್ವಾಮಿ. ನಮ್ ಮೀನ ನೀವು ಮಣ್ಣು ಮಾಡುದ್ರಿ. ಇವು ಕೆ.ಆರ್. ನಗರದ ಗದ್ದೇವು.”

ಅಷ್ಟು ವರ್ಷ ಆ ಮಾತನ್ನು ಅವರು ನನ್ನೆದುರು ಆಡಿರಲಿಲ್ಲ. ನಾನು ತಲೆ ತಗ್ಗಿಸಿ ನಿಂತೆ. ಬೊಮ್ಮಮ್ಮ ಬೆರಳನ್ನು ನೀರಿಗೆ ಅದ್ದಿದರು. ಕೆಂಪು ಮುದ್ದೆ ಸರಕ್ಕನೆ ಜೊಂಡಿನೊಳಗೆ ಸರಿಯಿತು. ಕಾವಲಿನ ಮೀನೊಂದು ಮಾತ್ರ ಓಡದೆ ಬೆರಳಿನ ಹತ್ತಿರಕ್ಕೇ ಬಂದು ನಿಂತಿತು.

“ಆದ್ರೂ ಈ ಮರಿ ಇಲ್ಲೇ ಉಟ್ಟವು,” ಎಂದರು. “ಕಾಡು ಕಂಡಿಲ್ಲ, ಗದ್ದೆ ಕಂಡಿಲ್ಲ. ನಮ್ ಕಾಳನ ಕೂಸಂಗೆ.”

ಆಮೇಲೆ ಸುಮಾ ಕಡೆ ತಿರುಗಿದರು. “ಇಲ್ಲುಟ್ಟುದ್ದುನ್ನ ಇನ್ಯಾರೂ ಕಿತ್ತಾಕ್ಬಾರ್ದು. ಅಂಗೇ ಬರ್ಕೊ ಮಗಾ.”

ಸುಮಾ ಬ್ಯಾಗಿನಿಂದ ಯೋಜನೆಯ ಕಾಗದ ತೆಗೆದು ಬಿಡಿಸಿ, ಇದನ್ನು ಎಲ್ಲಿ ಬರೆಯಲಿ ಎಂಬಂತೆ ನನ್ನ ಕಡೆ ನೋಡಿದರು. ನಾನು ಬೊಮ್ಮಮ್ಮನ ಕಡೆ ಕೈ ತೋರಿಸಿದೆ. ಅವರು ಬೊಮ್ಮಮ್ಮನ ಪಕ್ಕದಲ್ಲೇ ಕೂತು, “ಇನ್ನೊಂದ್ಸಲ ಹೇಳಿ ಅಜ್ಜಿ,” ಎಂದು ಕೇಳಿ, ಅವರು ಹೇಳಿದ ಹಾಗೆಯೇ ಬರೆದುಕೊಂಡರು.